ಕ್ಯಾಮೆರಾಕ್ಕೆ ‘ಅಂತೆ’ ಬರುವುದಿಲ್ಲ: ಗಲಾಟೆಯಾದ ಕಾದಂಬರಿಯನ್ನು ಸಿನಿಮಾ ಮಾಡುವಾಗ

(ಚಿತ್ರಕಥೆಗಾರ್ತಿಯೊಬ್ಬರ ಜೊತೆ ಗುಂಪೊಂದರ ಸದಸ್ಯರು ನಡೆಸಿದ ಪ್ರಶ್ನೋತ್ತರ.)

ಪ್ರಶ್ನೆ: ನಮಸ್ಕಾರ ಮೇಡಂ. ಎಂಟು ವರ್ಷದಿಂದ ಸಹಾಯಕ ನಿರ್ದೇಶಕನಾಗಿದ್ದೇನೆ. ಈಗ ಸ್ವಂತ ಸಿನಿಮಾಕ್ಕೆ ಕೈ ಹಾಕಿದ್ದೇನೆ. ಆರಿಸಿಕೊಂಡಿರುವುದು ಬಂದಾಗ ದೊಡ್ಡ ಗಲಾಟೆ ಎಬ್ಬಿಸಿದ್ದ ಒಂದು ಕಾದಂಬರಿ. ಕಥೆ ಹೇಳುವವನೇ ಅದರಲ್ಲಿ ತಪ್ಪು ಮಾಡಿದವನು. ಒಬ್ಬ ಹೆಂಗಸಿನ ಬದುಕು ಹಾಳು ಮಾಡಿ, ಪುಸ್ತಕದ ಉದ್ದಕ್ಕೂ ತನ್ನದೇ ಸರಿ ಅಂತ ವಾದ ಮಾಡುತ್ತಾನೆ. ಅರ್ಧ ಓದುಗರು ಪುಸ್ತಕವನ್ನು ತಲೆ ಮೇಲೆ ಹೊತ್ತರು. ಇನ್ನರ್ಧ ಜನ ‘ಇದು ಅವನ ವಕಾಲತ್ತು’ ಅಂದರು. ನನ್ನ ಮೊದಲ ಡ್ರಾಫ್ಟ್ 180 ಪುಟ ಆಗಿದೆ. ನಿರ್ಮಾಪಕರು ‘ಗಲಾಟೆ ಎಬ್ಬಿಸಿದ ಆ ಮೂರು ಸೀನ್ ತೆಗೆದುಬಿಡಿ, ತಲೆನೋವು ಇರಲ್ಲ’ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ 180 ಪುಟದ ಮಾತು. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವುದು ನಮ್ಮ ಕಚ್ಚಾ ಲೆಕ್ಕ. ಅಂದರೆ ಮೂರು ಗಂಟೆ. ನೀವು ಚಿತ್ರಕಥೆ ಬರೆದಿಲ್ಲ, ಪುಸ್ತಕವನ್ನು ನಕಲು ಮಾಡಿದ್ದೀರಿ. ಬೇಜಾರು ಬೇಡ, ನಾವೆಲ್ಲ ಮೊದಲ ಸಲ ಮಾಡುವುದು ಅದನ್ನೇ.

ಇನ್ನು ಆ ಮೂರು ಸೀನು. ಗಲಾಟೆ ಇರುವುದು ಆ ಸೀನುಗಳಲ್ಲೇ ಅಂತ ಅಷ್ಟು ಗ್ಯಾರಂಟಿನಾ? ನನಗೆ ಅನುಮಾನ.

ಇಂಥದ್ದೇ ಒಂದು ಕಾದಂಬರಿಗೆ ನಾನು ಚಿತ್ರಕಥೆ ಬರೆದಿದ್ದೆ. ಅಲ್ಲೂ ಗಂಡಸು ತನ್ನ ಕಥೆ ತಾನೇ ಹೇಳುತ್ತಾನೆ. ಒಂದು ಕಡೆ ಹೀಗೊಂದು ಸಾಲು: ‘ನಾನು ಬಾಗಿಲು ಹಾಕಿದೆ. ಅವಳು ನಕ್ಕಂತಾಯಿತು.’ ಓದುವಾಗ ಅಲ್ಲಿ ಯಾರೂ ನಿಲ್ಲುವುದಿಲ್ಲ. ನಾನೂ ನಿಂತಿರಲಿಲ್ಲ. ರಿಹರ್ಸಲ್‌ನಲ್ಲಿ ಆ ಪಾತ್ರ ಮಾಡುವ ಹುಡುಗಿ ಕೇಳಿದಳು: ‘ಅಕ್ಕಾ, ನಾನಿಲ್ಲಿ ನಗಬೇಕಾ, ಬೇಡವಾ?’

ನಿರ್ದೇಶಕರು ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ.

ಅವಳು ನಕ್ಕರೆ ಅವನು ಹೇಳಿದ್ದೆಲ್ಲ ನಿಜವಾಗುತ್ತದೆ. ನಗದಿದ್ದರೆ ಅವನು ಸುಳ್ಳುಗಾರ ಅಂತ ಅರ್ಧ ಗಂಟೆಯಲ್ಲೇ ಗೊತ್ತಾಗಿಬಿಡುತ್ತದೆ. ಪುಸ್ತಕದ ಮೇಲಿದ್ದ ಅಷ್ಟೂ ಜಗಳ ಆ ‘ಅಂತಾಯಿತು’ ಅನ್ನುವುದರಲ್ಲಿ ಅಡಗಿ ಕೂತಿತ್ತು. ಭಾಷೆಗೆ ‘ಅಂತೆ’, ‘ಹಾಗೆ’, ‘ಏನೋ’ ಎಲ್ಲ ಬರುತ್ತವೆ. ಕ್ಯಾಮೆರಾಕ್ಕೆ ಬರುವುದಿಲ್ಲ. ಅದು ತೋರಿಸಿದ್ದನ್ನು ಜನ ನಡೆದದ್ದು ಅಂತಲೇ ನಂಬುತ್ತಾರೆ.

ಕೊನೆಗೆ ನಾವು ಮಾಡಿದ್ದು ಇಷ್ಟು. ಬಾಗಿಲು ಹಾಕುವಾಗ ಅವಳ ಬೆನ್ನು ನಮ್ಮ ಕಡೆಗೆ. ತಲೆ ಕಟ್ಟಿಕೊಳ್ಳುತ್ತಿದ್ದಾಳೆ. ಕೆನ್ನೆಯ ಅಂಚು ಒಂದಿಷ್ಟು ಮೇಲೆ ಸರಿಯುತ್ತದೆ. ಅಷ್ಟೇ ಕಾಣುವುದು. ಮುಕ್ಕಾಲು ಗಂಟೆ ಆದಮೇಲೆ ಅದೇ ಕ್ಷಣ ಎದುರಿನಿಂದ ಬರುತ್ತದೆ. ಅವಳ ಹಲ್ಲಿನ ನಡುವೆ ಹೇರ್‌ಪಿನ್ ಇದೆ. ನಗು ಅಲ್ಲ, ಪಿನ್ನು. ಒಂದು ಮಾತಿಲ್ಲ.

ನಿಮ್ಮ ಪುಸ್ತಕದಲ್ಲೂ ಇಂಥ ಸಾಲುಗಳು ಇದ್ದೇ ಇರುತ್ತವೆ. ಪೆನ್ಸಿಲ್ ಹಿಡಿದು ಅವನ್ನು ಹುಡುಕಿ. ಮೂರು ಸೀನಿನ ಮಾತು ಆಮೇಲೆ.

ಪ್ರಶ್ನೆ: ಅರ್ಥ ಆಯಿತು ಮೇಡಂ. ಆದರೆ ಅವನ ಮಾತೇ ಪುಸ್ತಕದ ಸೊಗಸು. ಅದಕ್ಕೇ ಉದ್ದಕ್ಕೂ ವಾಯ್ಸ್ ಓವರ್ ಇಟ್ಟಿದ್ದೇನೆ.

ಉತ್ತರ: ತೆಗೆಯಿರಿ. ಪೂರ್ತಿ ಬೇಡ, ಮುಕ್ಕಾಲು ಭಾಗ. ಅವನ ದನಿ ಮತ್ತು ಚಿತ್ರ ಎರಡೂ ಒಂದನ್ನೇ ಹೇಳಿದರೆ ಸಿನಿಮಾ ಅವನ ಪರ ನಿಂತಂತೆ ಆಗುತ್ತದೆ. ಅವನು ಒಂದು ಹೇಳಿ ಪರದೆ ಇನ್ನೊಂದು ತೋರಿಸುವ ಕಡೆ ಮಾತ್ರ ಉಳಿಸಿಕೊಳ್ಳಿ.

ಈ ಜಾತಿಯ ಪುಸ್ತಕಗಳಲ್ಲಿ ಎಲ್ಲರಿಗೂ ಗೊತ್ತಿರುವುದು ನಬೊಕೊವ್ ಅವರ ‘ಲೋಲಿತಾ’. ಅಲ್ಲೂ ಕಥೆ ಹೇಳುವವನು ಒಬ್ಬ ಪುಟ್ಟ ಹುಡುಗಿಯ ಮೇಲೆ ದೌರ್ಜನ್ಯ ಮಾಡಿದವನೇ. ಪುಸ್ತಕ ಬಂದದ್ದು 1955ರಲ್ಲಿ, ನಿರ್ದೇಶಕ ಕುಬ್ರಿಕ್ ಸಿನಿಮಾ ಮಾಡಿದ್ದು 1962ರಲ್ಲಿ. ಪುಸ್ತಕದ ಕೊನೆಯಲ್ಲಿ ಬರುವ ಕೊಲೆಯನ್ನು ಅವರು ಸಿನಿಮಾದ ಮೊದಲಿಗೇ ಇಟ್ಟರು. ಹಾಗಾಗಿ ಅವನು ಎಷ್ಟೇ ಸಿಹಿ ಮಾತಾಡಲಿ, ಇವನು ಕೊಲೆಗಾರ ಅಂತ ನೋಡುವವರಿಗೆ ಮೊದಲೇ ಗೊತ್ತಿರುತ್ತದೆ. ಅದು ಜಾಣ ಕೆಲಸ. ಆದರೆ ಇನ್ನೊಂದು ಬದಲಾವಣೆಯ ಬೆಲೆ ದೊಡ್ಡದಾಯಿತು. ಪುಸ್ತಕದ ಹುಡುಗಿಗೆ 12 ವರ್ಷ. ಸಿನಿಮಾದಲ್ಲಿ ಅವಳು ದೊಡ್ಡವಳಾಗಿ ಕಾಣುತ್ತಾಳೆ. ಸೆನ್ಸಾರ್ ದಾಟಲು ಬೇಕಿತ್ತು, ಒಪ್ಪೋಣ. ಆದರೆ ಹುಡುಗಿ ಬೆಳೆದಷ್ಟೂ ಅವನ ಅಪರಾಧ ಚಿಕ್ಕದಾಗುತ್ತದೆ, ಅಲ್ವಾ? ಜನರಿಗೆ ಕಸಿವಿಸಿ ಆಗದಿರಲಿ ಅಂತ ಮಾಡಿದ್ದು ಅವನಿಗೇ ಅನುಕೂಲವಾಯಿತು. ಚಿತ್ರಕಥೆಗೆ ನಬೊಕೊವ್ ಅವರ ಹೆಸರೇ ಇದೆ. ಆದರೆ ಅವರು ಬರೆದದ್ದರಲ್ಲಿ ತುಂಬಾ ಕಡೆ ಕೈ ಆಡಿಸಲಾಗಿತ್ತು. ತಮ್ಮ ಚಿತ್ರಕಥೆಯನ್ನು ಅವರು 1974ರಲ್ಲಿ ಬೇರೆ ಪುಸ್ತಕವಾಗಿಯೇ ಹೊರತಂದರು.

ಇನ್ನೊಬ್ಬ ಸದಸ್ಯೆ: ಹಾಗಾದರೆ ಹಿಂಸೆಯ ದೃಶ್ಯಗಳನ್ನು ಇದ್ದ ಹಾಗೆಯೇ ತೋರಿಸಬೇಕು ಅಂತಲಾ? ನಾನಂತೂ ಎದ್ದು ಹೋಗುತ್ತೇನೆ.

ಉತ್ತರ: ಇಲ್ಲ ಇಲ್ಲ. ಉಳಿಸುವುದು ಬೇರೆ, ತೋರಿಸುವುದು ಬೇರೆ. ಶ್ರೀಮಂತ ಬ್ಯಾಂಕರ್ ಒಬ್ಬ ತನ್ನ ಕೊಲೆಗಳ ಕಥೆ ತಾನೇ ಹೇಳುವ ‘ಅಮೆರಿಕನ್ ಸೈಕೋ’ ಕಾದಂಬರಿ 1991ರಲ್ಲಿ ಬರುವ ಮೊದಲೇ, ಒಪ್ಪಿಕೊಂಡಿದ್ದ ಪ್ರಕಾಶಕರು ಹಿಂದೆ ಸರಿದಿದ್ದರು. ಹೆಂಗಸರ ಮೇಲಿನ ಹಿಂಸೆಯ ಪುಟಗಳು ಓದಲಾರದ ಹಾಗಿವೆ. 2000ದಲ್ಲಿ ಅದನ್ನು ಸಿನಿಮಾ ಮಾಡಿದ್ದು ಮೇರಿ ಹ್ಯಾರನ್, ಚಿತ್ರಕಥೆ ಅವರು ಮತ್ತು ಗ್ವಿನಿವೆರ್ ಟರ್ನರ್. ಇಬ್ಬರೂ ಹೆಂಗಸರು. ಪುಸ್ತಕದಲ್ಲಿ ವಿವರವಾಗಿ ಬರುವ ಕ್ರೌರ್ಯವನ್ನು ಬಹುಪಾಲು ಪರದೆಯ ಆಚೆಗೆ ತಳ್ಳಿ, ಅವನ ಮತ್ತು ಅವನ ಜೊತೆಯ ಗಂಡಸರ ಒಣ ಜಂಭವನ್ನು ಮುಂದೆ ತಂದರು. ವಿಸಿಟಿಂಗ್ ಕಾರ್ಡ್ ಯಾರದ್ದು ಚೆನ್ನಾಗಿದೆ ಅಂತ ಹೋಲಿಸುವ ಸೀನ್ ನೋಡಿ. ಇನ್ನೊಬ್ಬನ ಕಾರ್ಡು ನೋಡಿಯೇ ಆ ಬ್ಯಾಂಕರ್ ಬೆವರುತ್ತಾನೆ. ನಗು ಬರುತ್ತದೆ, ಹಾಗೇ ಹೆದರಿಕೆಯೂ ಆಗುತ್ತದೆ.

ತಮಾಷೆ ಏನು ಗೊತ್ತಾ? ಅಮೆರಿಕದಲ್ಲಿ ಸಿನಿಮಾಗಳಿಗೆ ರೇಟಿಂಗ್ ಕೊಡುವವರು ಮೊದಲು ತಕರಾರು ತೆಗೆದದ್ದು ಕೊಲೆಗಳ ಬಗ್ಗೆ ಅಲ್ಲ, ಒಂದು ಲೈಂಗಿಕ ದೃಶ್ಯದ ಬಗ್ಗೆ. ಕತ್ತರಿ ಎಲ್ಲಿ ಬೀಳುತ್ತದೆ ಅಂತ ಮೊದಲೇ ಊಹಿಸಿ ಬರೆಯುವವರಿಗೆ ಸುಮ್ನೆ ಹೇಳಿದೆ.

ಪ್ರಶ್ನೆ: ಲೇಖಕರು ಬದುಕಿದ್ದಾರೆ. ಫೋನಿನಲ್ಲಿ ‘ಮಾಡಪ್ಪಾ’ ಅಂದಿದ್ದಾರೆ. ಅಷ್ಟು ಸಾಕಾ?

ಉತ್ತರ: ಅಯ್ಯೋ, ಸಾಲದು! ಇವತ್ತೇ ಕಾಗದ ಮಾಡಿಸಿ. ಹಕ್ಕು ಅವರ ಕೈಲಿದೆಯೋ, ಹಿಂದೆ ಯಾರಿಗಾದರೂ ಬರೆದುಕೊಟ್ಟಿದ್ದಾರೋ ನೋಡಿ. ಪೂರ್ತಿ ಹಕ್ಕು ಕೊಳ್ಳಲು ಈಗ ದುಡ್ಡಿಲ್ಲದಿದ್ದರೆ ಆಪ್ಷನ್ ತೆಗೆದುಕೊಳ್ಳಿ. ಸಣ್ಣ ಮೊತ್ತ ಕೊಟ್ಟು, ಇಂತಿಷ್ಟು ತಿಂಗಳು ಬೇರೆಯವರಿಗೆ ಕೊಡುವಂತಿಲ್ಲ ಅಂತ ಮಾಡಿಕೊಳ್ಳುವುದು. ಏನೇನು ಬದಲಾಯಿಸುತ್ತೀರಿ ಅನ್ನುವುದೂ ಬರವಣಿಗೆಯಲ್ಲಿ ಇರಲಿ, ಮುಖ್ಯವಾಗಿ ಕೊನೆ. ಸಿನಿಮಾ ಒಪ್ಪಿಗೆ ಆಗದಿದ್ದರೆ ಲೇಖಕರು ತಮ್ಮ ಹೆಸರು ತೆಗೆಸಬಹುದಾ ಅನ್ನುವುದೂ ಇರಲಿ.

ಹಿಂದಿ ಲೇಖಕಿ ಮನ್ನು ಭಂಡಾರಿ ಅವರ ‘ಆಪ್ ಕಾ ಬಂಟಿ’ ಕಾದಂಬರಿ ಸಿನಿಮಾ ಆದಾಗ, ತಮ್ಮ ಕಥೆ ಕೆಡಿಸಿದ್ದಾರೆ ಅಂತ ಅವರು ಕೋರ್ಟಿಗೆ ಹೋದರು. 1986ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದರ ಸಾರ ಇಷ್ಟು: ಸಿನಿಮಾಕ್ಕೆ ಬೇಕಾದ ಬದಲಾವಣೆ ಮಾಡಬಹುದು, ಆದರೆ ಕೃತಿಯನ್ನು ವಿರೂಪ ಮಾಡುವಂತಿಲ್ಲ. ಹಕ್ಕು ಮಾರಿದ ಮೇಲೂ ಲೇಖಕರು ಅಂಥ ವಿರೂಪವನ್ನು ಪ್ರಶ್ನಿಸಬಹುದು.

ಮತ್ತೊಬ್ಬ ಸದಸ್ಯ: ಏನೇ ಮಾಡಿ ಸರ್, ಪುಸ್ತಕ ಓದದವರೇ ಬಂದು ಪೋಸ್ಟರ್ ಹರಿಯುತ್ತಾರೆ. ಮೊದಲಲ್ಲಿ ಒಂದು ಸೂಚನೆ ಹಾಕಿಬಿಡಿ.

ಉತ್ತರ: ಹಾಕಲಿ, ಅಡ್ಡಿಯಿಲ್ಲ. ಆದರೆ ಅದೇ ಕಾಪಾಡುತ್ತದೆ ಅಂತ ಕೂರಬಾರದು. ‘ದಿ ಲಾಸ್ಟ್ ಟೆಂಪ್ಟೇಷನ್ ಆಫ್ ಕ್ರೈಸ್ಟ್’ ಶುರುವಾಗುವುದೇ ಅಂಥ ಸೂಚನೆಯಿಂದ. ಇದಕ್ಕೆ ಆಧಾರ ಯೇಸುವಿನ ಬದುಕು ಹೇಳುವ ಬೈಬಲ್ಲಿನ ಸುವಾರ್ತೆಗಳಲ್ಲ, ಕಜಾಂಟ್ಜಾಕಿಸ್ ಅವರ ಕಾದಂಬರಿ ಅಂತ. 1983ರಲ್ಲಿ ಒಂದು ಸ್ಟುಡಿಯೊ ಕೈಬಿಟ್ಟಿದ್ದ ಆ ಸಿನಿಮಾ ಬೇರೆ ಸ್ಟುಡಿಯೊದಿಂದ 1988ರಲ್ಲಿ ಬಂತು. ಅದೇ ವರ್ಷ ಪ್ಯಾರಿಸ್‌ನಲ್ಲಿ ಅದು ಓಡುತ್ತಿದ್ದ ಥಿಯೇಟರಿಗೆ ಬೆಂಕಿ ಇಟ್ಟರು, ಜನರಿಗೆ ಗಾಯವಾಯಿತು. ಸೂಚನೆ ಓದುವ ವ್ಯವಧಾನ ಇದ್ದವರು ಬೆಂಕಿ ಹಚ್ಚುವುದಿಲ್ಲವಲ್ಲ.

ಪ್ರಶ್ನೆ: ಕೊನೆಯದು ಮೇಡಂ. ಪುಸ್ತಕದ ಕೊನೇ ಅಧ್ಯಾಯದಲ್ಲಿ ಅವನು ಪಶ್ಚಾತ್ತಾಪ ಪಡುತ್ತಾನೆ. ನನಗೇಕೋ ಅದು ಅಂಟಿಸಿದ ಹಾಗಿದೆ. ಬಿಡಲಾ?

ಉತ್ತರ: ‘ಎ ಕ್ಲಾಕ್‌ವರ್ಕ್ ಆರೆಂಜ್’ ಕಾದಂಬರಿಯಲ್ಲಿ 21 ಅಧ್ಯಾಯ. ಕೊನೆಯದರಲ್ಲಿ, ಕಥೆ ಹೇಳುವ ಪುಂಡ ಹುಡುಗನಿಗೆ ಹಿಂಸೆಯೇ ಸಾಕಾಗುತ್ತದೆ. ಅಮೆರಿಕದಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ಅಧ್ಯಾಯವನ್ನೇ ಬಿಟ್ಟಿದ್ದರು. 1971ರ ಸಿನಿಮಾ ಮುಗಿಯುವುದೂ ಅದಿಲ್ಲದೆಯೇ. ಲೇಖಕ ಬರ್ಜೆಸ್ ಕೊನೆಯವರೆಗೂ ಆ ಬಗ್ಗೆ ಗೊಣಗುತ್ತಿದ್ದರು. ಸಿನಿಮಾವಾಗಿ ಅದೇ ಕೊನೆ ಬಲವಾಗಿದೆ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅಲ್ಲಿಗೆ ಅದು ಬೇರೆಯೇ ಕಥೆ ಆಯಿತು.

ನಿಮ್ಮವನ ಪಶ್ಚಾತ್ತಾಪವನ್ನು ಹೇಳುತ್ತಿರುವವನೂ ಅವನೇ, ಮರೆಯಬೇಡಿ. ಉಳಿಸಿಕೊಳ್ಳಿ. ಆದರೆ ಅವನು ಅಳುವಾಗ ಕ್ಯಾಮೆರಾ ಅವನ ಮುಖದ ಮೇಲೇ ಇರಬೇಕು ಅಂತೇನಿಲ್ಲ. ಆ ಹೆಂಗಸು ಆಗ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ?

ಪ್ರಶ್ನೆ: ಪುಸ್ತಕದಲ್ಲಿ ಇಲ್ಲ ಮೇಡಂ. ಅವನು ಹೇಳುವುದೇ ಇಲ್ಲ.

ಉತ್ತರ: ಹಾಗಾದರೆ ಮೊದಲು ಆ ಸೀನ್ ಬರೆಯಿರಿ. ಮಾತು ಬೇಡ, ಎರಡು ಪುಟ ದಾಟಬೇಡಿ. ಬರೆದ ಮೇಲೆ ಇಲ್ಲೇ ಹಾಕಿ, ನೋಡುತ್ತೇನೆ.