ಕೊನೆ ಬಾಸ್ ಇಬ್ರಿಗೆ ಯಮ, ನಾಲ್ಕು ಜನಕ್ಕೆ ಜಿರಲೆ. ಬ್ಯಾಲೆನ್ಸ್ ಹೇಗ್ ಮಾಡ್ಲಿ?

ಆರುಬಿತ್ತು:
ರಟ್ಟು, ಸ್ಕೆಚ್ ಪೆನ್ನು ಹಿಡ್ಕೊಂಡು ನಾನೇ ಒಂದು ಬೋರ್ಡ್ ಗೇಮ್ ಮಾಡ್ತಿದೀನಿ, ಎಲ್ರೂ ಒಂದೇ ಟೀಮು, ಎರಡರಿಂದ ನಾಲ್ಕು ಜನ ಆಡ್ಬಹುದು, ಕೊನೇಲಿ ಬಾಸ್ ಅಂತ ಒಬ್ಬ ರಾಕ್ಷಸ. ಒಬ್ಬೊಬ್ರಿಗೂ 8 ಜೀವ. ಎರಡು ದಾಳ ಹಾಕಿ ಕೂಡಿಸಿದ್ರೆ ಅದೇ ಹೊಡೆತ, ಅದ್ರಲ್ಲಿ 2 ಅವನ ಕವಚಕ್ಕೆ ಹೋಗುತ್ತೆ. ಎಲ್ರದ್ದೂ ಮುಗಿದ್ಮೇಲೆ ಅವನು ಯಾರಾದ್ರೂ ಒಬ್ರಿಗೆ 4 ಹೊಡೀತಾನೆ. ಮೊದ್ಲು ಅವನಿಗೆ 40 ಜೀವ ಇಟ್ಟಿದ್ದೆ, ನಾಲ್ಕು ಜನ ಕೂತಾಗ ಎರಡೇ ರೌಂಡಲ್ಲಿ ಮುಗಿಸಿಬಿಟ್ರು, ಇಬ್ರೇ ಆಡಿದಾಗ ಇಬ್ರೂ ಢಮಾರ್. ಆಮೇಲೆ ತಲೆಗೆ 15ರಂತೆ ಅವನ ಜೀವ ಏರಿಸ್ದೆ. ಈಗ ಇಬ್ರಿಗೆ ಸಕತ್ತಾಗಿದೆ, ಕೂದಲೆಳೆ ಅಂತರದಲ್ಲಿ ಗೆಲ್ತಾರೆ, ನಾಲ್ಕು ಜನಕ್ಕೆ ಮಾತ್ರ ಇನ್ನೂ ಸಪ್ಪೆ. ಎಲ್ಲಿ ಎಡವ್ತಿದೀನಿ?

ಕಾಗೆಗೂಡು:
ಅವನ ಜೀವ ಏರಿಸಿದ್ರಿ, ಕೈ ಏರಿಸ್ಲಿಲ್ಲ. ಎರಡು ದಾಳದ ಸರಾಸರಿ 7, ಕವಚ ಕಳೆದ್ರೆ ತಲೆಗೆ 5, ಅಂದ್ರೆ ಇಬ್ರು 30 ಇಳಿಸೋಕೂ ನಾಲ್ವರು 60 ಇಳಿಸೋಕೂ ಸುಮಾರು ಮೂರೇ ರೌಂಡು. ಅಷ್ಟರಲ್ಲಿ ಅವನು ಹೊಡೆಯೋದು 12. ಇಬ್ರ ಹತ್ರ ಇರೋದು ಒಟ್ಟು 16, ಬೆವರಿಳಿಯುತ್ತೆ. ನಾಲ್ವರ ಹತ್ರ 32, ಸೊಳ್ಳೆ ಕಚ್ಚಿದಂಗೆ. ಜನ ಡಬಲ್ ಆದ್ರೆ ಹೊಡೆಯೋದೂ ಡಬಲ್, ತಡ್ಕೊಳ್ಳೋದೂ ಡಬಲ್, ನೀವು ಒಂದನ್ನ ಮಾತ್ರ ಸರಿದೂಗಿಸಿದೀರ.

ರೌಂಡಿನ ಕೊನೇಲಿ 4 ಹೊಡೆಯೋ ಬದ್ಲು ಪ್ರತಿಯೊಬ್ಬರ ಸರದಿ ಆದ್ಮೇಲೂ 2 ಹೊಡೀಲಿ. ಇಬ್ರಿಗೆ ಅದೇ 4 ಉಳಿಯುತ್ತೆ, ನಾಲ್ವರಿಗೆ 8 ಆಗುತ್ತೆ. ಇನ್ನೊಂದು ಲಾಭ ಏನಂದ್ರೆ ಒಬ್ರು ಸತ್ರೆ ಅವನ ಹೊಡೆತನೂ ಒಂದು ಕಮ್ಮಿ ಆಗುತ್ತೆ, ಒಬ್ರು ಬಿದ್ದ ತಕ್ಷಣ ಉಳಿದೋರೆಲ್ಲ ಸಾಲಾಗಿ ಉರುಳೋದು ತಪ್ಪುತ್ತೆ.

ಆರುಬಿತ್ತು:
ಅಯ್ಯೋ ಇಷ್ಟೇನಾ! ಹಾಗಾದ್ರೆ ಯಾರ ಸರದಿ ಮುಗೀತೋ ಅವ್ರಿಗೇ ಹೊಡೆದ್ರೆ ನೆನಪಿಡೋಕೂ ಸುಲಭ ಅಲ್ವಾ?

ಸುಮ್ನೆಬಂದೆ:
ಅದೊಂದ್ ಮಾಡ್ಬೇಡಿ ಮಾರಾಯ್ರೆ. ಎಲ್ರಿಗೂ ರೌಂಡಿಗೆ ಎರಡೆರಡು ಸಮಾನವಾಗಿ ಬಿದ್ರೆ 8 ಜೀವ ಖಾಲಿ ಆಗೋಕೆ ನಾಲ್ಕು ರೌಂಡು ಬೇಕು, ರಾಕ್ಷಸ ಮೂರಕ್ಕೇ ಹೋಗ್ತಾನೆ, ಒಬ್ರೂ ಸಾಯಲ್ಲ. ಯಾರಿಗೆ ಅಂತ ಆಟಗಾರರೇ ಆರಿಸ್ಕೊಂಡ್ರೂ ಇದೇ ಕಥೆ, ಹಂಚ್ಕೊಂಡು ತಿಂತಾರೆ. ನಾನು ನನ್ನ ಆಟದಲ್ಲಿ ಸಿಟ್ಟಿನ ಬಿಲ್ಲೆ ಅಂತ ಒಂದು ಇಟ್ಟಿದೀನಿ, ಆ ರೌಂಡಲ್ಲಿ ಅತಿ ಜೋರಾಗಿ ಹೊಡೆದವರ ಮುಂದೆ ಅದು ಬರುತ್ತೆ, ಹೊಡೆತ ಎಲ್ಲ ಅವ್ರಿಗೇ. ಆಗ ಒಂದೇ ಜೀವ ಉಳಿದಿರೋನು 12 ಬಿದ್ದಾಗ ಖುಷಿ ಪಡೋ ಬದ್ಲು ತಲೆ ಮೇಲೆ ಕೈ ಹೊತ್ಕೋತಾನೆ, ಆ ಮುಖ ನೋಡ್ಬೇಕು ನೀವು.

ಅಂದಹಾಗೆ ಒಂದೊಂದೇ ದಾಳ ಹಾಕಿ ಎರಡು ಸಲ ಹೊಡೆಯೋ ಪಾತ್ರ ಏನಾದ್ರೂ ಇದೆಯಾ? ಇದ್ರೆ ಕವಚ ಅವ್ನನ್ನ ನುಂಗಿಬಿಡುತ್ತೆ. ಎರಡೂ ಸಲ 2 ಕಳೆಯುತ್ತಲ್ಲ, 1 ಬಿದ್ರೂ 2 ಬಿದ್ರೂ ಸೊನ್ನೆ, ಎರಡೂ ಹೊಡೆತ ಸೇರಿ ಸರಾಸರಿ 3.3 ಅಷ್ಟೇ, ಬೇರೆಯವ್ರದ್ದು 5.

ಆರುಬಿತ್ತು:
ಇದೆ, ಬಿಲ್ಲುಗಾರ. ಅದ್ಕೇನಾ ಅವ್ನನ್ನ ಯಾರೂ ತಗೊಳ್ಳಲ್ಲ ಅಂತಿದ್ದಿದ್ದು! ನಾನು ಚಿತ್ರ ಚೆನ್ನಾಗಿಲ್ಲ ಅಂತ ಎರಡು ಸಲ ತಿದ್ದಿ ಬರ್ದಿದ್ದೆ 😭

ಕಾಗೆಗೂಡು:
ಹ್ಹಹ್ಹ. ಬಿಲ್ಲುಗಾರನ ಬಾಣಕ್ಕೆ ಕವಚ 1 ಮಾತ್ರ ಲೆಕ್ಕ ಅಂತ ಮಾಡಿ, ಎರಡೂ ಬಾಣ ಸೇರಿ ಸರಾಸರಿ ಕರೆಕ್ಟಾಗಿ 5 ಬರುತ್ತೆ. ಆದ್ರೆ ಇದು, ಬಿಲ್ಲೆ, ಸರದಿ ಮೂರನ್ನೂ ಒಂದೇ ದಿನ ಬದಲಾಯಿಸ್ಬೇಡಿ, ಯಾವುದ್ರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಮೊದ್ಲು ಸರದಿ. ಪೂರ್ತಿ ಆಟ ಆಡೋದೂ ಬೇಡ, ಬಾಸ್ ಫೈಟ್ ಮಾತ್ರ ಹತ್ತು ಸಲ ಒಬ್ರೇ ಕೂತು ಆಡಿ, ಎಷ್ಟನೇ ರೌಂಡಿಗೆ ಮುಗೀತು, ಯಾರ್ ಯಾರ ಜೀವ ಎಷ್ಟು ಉಳೀತು ಬರೆದಿಡಿ.

ಆರುಬಿತ್ತು:
ಈಗ ನಾಲ್ಕು ಸಲ ಆಯ್ತು, ಎರಡು ಗೆಲುವು ಎರಡು ಸೋಲು. ಗೆದ್ದ ಒಂದ್ರಲ್ಲಿ ಉಳಿದಿದ್ದು ಒಬ್ಬನೇ, ಅದೂ 2 ಜೀವ. ಒಬ್ನೇ ಕೂತ್ಕೊಂಡು ಕೂಗಾಡ್ತಿದೀನಿ. ಇನ್ನಾರು ಆಡಿ ಬರ್ತೀನಿ.