ಪೆಡಲ್ ಬಿಟ್ಟರೂ ಹಿಂದಕ್ಕೆ ಸರಿಯುವ ಗಾರ್ಡನ್ ಟ್ರ್ಯಾಕ್ಟರ್

ಪ್ರಶ್ನೆ (ಯಲಹಂಕ):
ನಮ್ಮ ಬಡಾವಣೆಯ ಹುಲ್ಲುಹಾಸಿಗೆ ಬಳಸುವ ಹೈಡ್ರೋಸ್ಟ್ಯಾಟಿಕ್ (ಗೇರಿನ ಬದಲು ಪಂಪ್ ತಳ್ಳುವ ಎಣ್ಣೆಯಿಂದ ಓಡುವ) ಟ್ರ್ಯಾಕ್ಟರ್, ಪೆಡಲ್‌ನಿಂದ ಕಾಲು ತೆಗೆದ ಮೇಲೂ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಮುಂದಕ್ಕೆ ಎಷ್ಟು ತುಳಿದರೂ ಮೊದಲಿನ ವೇಗವಿಲ್ಲ. ಹಿಂದಕ್ಕೆ ಮಾತ್ರ ಎಂದಿನಂತೆ ಓಡುತ್ತದೆ. ಪಂಪ್ ಹೋಗಿದೆ, ಇಡೀ ಟ್ರಾನ್ಸ್‌ಮಿಷನ್ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಮಕ್ಕಳು ಆಡುವ ಜಾಗವಾದ್ದರಿಂದ ಗಾಡಿಯನ್ನು ನಿಲ್ಲಿಸಿದ್ದೇನೆ. ಅಷ್ಟು ಖರ್ಚು ಮಾಡುವ ಮೊದಲು ಏನನ್ನು ನೋಡಬೇಕು?

ಉತ್ತರ (ಪೀಣ್ಯ):
ಪಂಪ್ ಸವೆದಿದ್ದರೆ ಸಾಮಾನ್ಯವಾಗಿ ಎರಡೂ ದಿಕ್ಕಿನಲ್ಲಿ ಬಲ ಕುಗ್ಗುತ್ತದೆ, ಅದೂ ಎಣ್ಣೆ ಕಾದ ಮೇಲೆ ಹೆಚ್ಚು. ನಿಮ್ಮದು ಹಾಗಿಲ್ಲ. ಪಂಪ್‌ನೊಳಗಿನ ಸ್ವಾಶ್‌ಪ್ಲೇಟ್ ಎಂಬ ತಟ್ಟೆ ನೆಟ್ಟಗಿದ್ದಾಗ ಪಿಸ್ಟನ್‌ಗಳು ಎಣ್ಣೆಯನ್ನು ತಳ್ಳುವುದಿಲ್ಲ, ಅದೇ ನ್ಯೂಟ್ರಲ್. ಅದು ಒಂದು ಕಡೆ ವಾಲಿದರೆ ಗಾಡಿ ಮುಂದಕ್ಕೆ, ಇನ್ನೊಂದು ಕಡೆ ವಾಲಿದರೆ ಹಿಂದಕ್ಕೆ. ನಿಮ್ಮ ಗಾಡಿಯಲ್ಲಿ ಕಾಲು ತೆಗೆದಾಗಲೂ ತಟ್ಟೆ ಹಿಂದಿನ ಕಡೆಗೆ ಕೊಂಚ ವಾಲಿಯೇ ಉಳಿಯುತ್ತಿದೆ, ಅಷ್ಟರಮಟ್ಟಿಗೆ ಮುಂದಿನ ಚಲನೆ ಕಡಿಮೆಯಾಗಿದೆ ಎಂಬುದು ನನ್ನ ಅಂದಾಜು. ಆದ್ದರಿಂದ ಮೊದಲು ಲಿಂಕೇಜ್, ಅಂದರೆ ಪೆಡಲ್‌ನಿಂದ ಆ ತಟ್ಟೆಯವರೆಗಿನ ರಾಡ್, ಲಿವರ್‌ಗಳ ಜೋಡಣೆ ನೋಡಿ.

ಎಂಜಿನ್ ಆರಿಸಿ, ಒಬ್ಬರು ಪೆಡಲನ್ನು ಕೈಯಿಂದ ನಿಧಾನವಾಗಿ ಒತ್ತುತ್ತಿರುವಾಗ ನೀವು ಟ್ರಾನ್ಸ್‌ಮಿಷನ್ ಪಕ್ಕದ ಲಿವರನ್ನು ಗಮನಿಸಿ. ಪೆಡಲ್ ಬೆರಳಗಲ ಇಳಿದರೂ ಲಿವರ್ ಅಲುಗದಿದ್ದರೆ ರಾಡ್ ತುದಿಯ ಬಾಲ್ ಜಾಯಿಂಟ್ (ಗುಂಡಿನ ಕೀಲು) ಸವೆದಿರುತ್ತದೆ. ಲಿವರ್ ಅಲುಗಿದರೂ ಶಾಫ್ಟ್ ತಿರುಗದಿದ್ದರೆ ಅದರ ಬೋಲ್ಟ್ ಸಡಿಲವಾಗಿದೆ.

ಉತ್ತರ (ಕನಕಪುರ ರಸ್ತೆ):
ರಾಡನ್ನು ಬಿಚ್ಚಿ ಪೆಡಲನ್ನೂ ಲಿವರನ್ನೂ ಬೇರೆ ಬೇರೆಯಾಗಿ ಆಡಿಸಿ ನೋಡಿ. ಮಳೆಗಾಲದಲ್ಲಿ ಒದ್ದೆ ಹುಲ್ಲು, ಕೆಮ್ಮಣ್ಣು ಪೆಡಲ್‌ನ ಕೀಲಿನಲ್ಲಿ ಗಟ್ಟಿಕಟ್ಟಿದರೆ ಸ್ಪ್ರಿಂಗ್ ಅದನ್ನು ಪೂರ್ತಿ ಹಿಂದಕ್ಕೆಳೆಯಲಾರದು. ನ್ಯೂಟ್ರಲ್ ಹೊಂದಿಸುವಾಗ ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹಿಂದಿನ ಚಕ್ರಗಳನ್ನು ಎತ್ತಿ, ಜಾಕನ್ನಷ್ಟೇ ನಂಬದೆ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ರಾಡನ್ನು ಒಮ್ಮೆಗೆ ಅರ್ಧ ಸುತ್ತು ಮಾತ್ರ ತಿರುಗಿಸಿ, ಅದೂ ಎಂಜಿನ್ ಆರಿಸಿಯೇ. ಚಾಲಕ ಎದ್ದರೆ ಎಂಜಿನ್ ನಿಲ್ಲಿಸುವ ಸೀಟಿನ ಸುರಕ್ಷತಾ ಸ್ವಿಚ್ಚನ್ನು ದಯವಿಟ್ಟು ಯಾರೂ ವೈರ್ ಹಾಕಿ ತಪ್ಪಿಸಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ರಾಡ್‌ನ ಲಾಕ್‌ನಟ್ ಬೆರಳಿನಲ್ಲೇ ತಿರುಗುವಷ್ಟು ಸಡಿಲವಾಗಿತ್ತು. ಬಾಲ್ ಜಾಯಿಂಟ್‌ನ ಗುಂಡು ಒಂದು ಬದಿಯಲ್ಲಿ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಮೊದಲು ಕೊಟ್ಟ ಎಂ8 (8 ಮಿ.ಮೀ. ಥ್ರೆಡ್‌ನ) ಜಾಯಿಂಟ್ ಎರಡು ಸುತ್ತಿಗೇ ಬಿಗಿಯಿತು. ನಮ್ಮದು 5/16 ಇಂಚಿನದು, ಅಂದರೆ 7.94 ಮಿ.ಮೀ.; ಕಣ್ಣಿಗೆ ಒಂದೇ ಎನಿಸಿದರೂ ಥ್ರೆಡ್ ಬೇರೆ. ಸರಿಯಾದದ್ದನ್ನು ಹಾಕಿ, ಅರ್ಧರ್ಧ ಸುತ್ತಿನಂತೆ ಮೂರು ಸಲ ಹೊಂದಿಸಿದ ಮೇಲೆ ಚಕ್ರಗಳು ನಿಂತವು. ಎಣ್ಣೆ ಚೆನ್ನಾಗಿ ಕಾದ ಮೇಲೂ ಇಂದು ಗಾಡಿ ಜರುಗಲಿಲ್ಲ.