8 ಎಂಎಂ ಬೋರ್ ಹೋನಿಂಗ್: ಮ್ಯಾಂಡ್ರಲ್ಲಾ, ಲ್ಯಾಪಾ, ಡೈಮಂಡಾ? ಮಾಡಿದವ್ರು ಅನುಭವ ಹೇಳಿ

ಎರಡು ಲೇತು ಒಂದು ವಿಎಂಸಿ, ಪೀಣ್ಯ
ನಮಸ್ಕಾರ ಎಲ್ರಿಗೂ. ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಜಾಬ್ ವರ್ಕ್ ಮಾಡ್ತಿದೀನಿ. ಈಗ ಹೈಡ್ರಾಲಿಕ್ ವಾಲ್ವ್ ಬಾಡಿ ಆರ್ಡರ್ ಬಂದಿದೆ. ಎಸ್‌ಜಿ ಐರನ್ (ಒಂದು ಥರ ಕಾಸ್ಟ್ ಐರನ್), ಬೋರ್ ಅಂದ್ರೆ ಒಳಗಿನ ತೂತು 8 ಎಂಎಂ ಎಚ್6 (8.000ರಿಂದ 8.009 ಒಳಗೇ ಇರ್ಬೇಕು), ಉದ್ದ 42 ಎಂಎಂ, ಮಧ್ಯದಲ್ಲಿ ಎರಡು ಕ್ರಾಸ್ ಹೋಲ್, ತಿಂಗಳಿಗೆ 300 ಪೀಸು. ಸೈಜಿಗೆ ರೀಮರ್ ಹೊಡ್ದು ಕಳ್ಸಿದ್ರೆ ನಮ್ಮಲ್ಲಿ ಪ್ಲಗ್ ಗೇಜ್ (ಸೈಜ್ ನೋಡೋ ಪಿನ್ನು) ಹೋಗತ್ತೆ, ಪಾರ್ಟಿ ಹತ್ರ ಸ್ಪೂಲ್ (ಬೋರೊಳಗೆ ಜಾರೋ ವಾಲ್ವಿನ ಕಡ್ಡಿ) ಹಾಕಿದ್ರೆ ಮಧ್ಯ ಹಿಡ್ಕೊಳತ್ತೆ. ಮೊದಲ 50ರಲ್ಲಿ 19 ವಾಪಸ್ ಬಂತು. ಕೈಯಲ್ಲಿರೋದು ಎರಡು ಲಕ್ಷ. ಹೋನಿಂಗ್ ಅಂದ್ರೆ ಬೋರಿನ ಒಳಮೈ ಕಲ್ಲಲ್ಲಿ ತಿಕ್ಕಿ ಸೈಜಿಗೆ ತರೋದು, ಅದಕ್ಕೆ ಸ್ಟೋನ್ ಮ್ಯಾಂಡ್ರಲ್ (ಕಲ್ಲು ಕೂರಿಸಿರೋ ಕಡ್ಡಿ) ಇರೋ ಹಳೇ ಹೋನಿಂಗ್ ಮಷೀನ್ ತಗೊಳ್ಳಾ, ಅಡ್ಜಸ್ಟ್ ಆಗೋ ಲ್ಯಾಪಲ್ಲಿ (ಪೇಸ್ಟ್ ಹಚ್ಚಿ ಉಜ್ಜೋ ಮೆತ್ತಗಿನ ಲೋಹದ ಕಡ್ಡಿ) ಕೈಯಲ್ಲೇ ಮಾಡ್ಸಲಾ, ಡೈಮಂಡ್ ಟೂಲ್ ತಗೊಂಡು ವಿಎಂಸಿಲೇ (ಕಂಪ್ಯೂಟರ್ ಮಿಲ್ಲಿಂಗ್ ಮಷೀನು) ಹೊಡೀಲಾ? ದಯವಿಟ್ಟು ಮಾಡಿದವ್ರು ಹೇಳಿ.

ಹೋನಿಂಗ್ 22 ವರ್ಷ
ತಮ್ಮಾ, ಮಷೀನ್ ತಗೋ, ಬೇರೆ ಯೋಚ್ನೆನೇ ಬೇಡ. ನಾನು 2011ರಲ್ಲಿ ಮುಚ್ಚೋಗಿದ್ದ ಒಂದು ಫ್ಯಾಕ್ಟರಿಯಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಸನ್ನೆನ್ ಟೈಪು, ಕಾಲಲ್ಲಿ ಪೆಡಲ್ ಒತ್ತೋದು, ಕೈಯಲ್ಲಿ ಪೀಸ್ ಹಿಡ್ದು ಹಿಂದೆ ಮುಂದೆ ಆಡ್ಸೋದು. ಮಷೀನಿಗೆ 3 ಲಕ್ಷ 40 ಸಾವಿರ, ಕ್ರೇನು ಲಾರಿ ಸೇರಿ 14 ಸಾವಿರ, ಮೋಟರ್ ಸುತ್ತಿಸೋಕೆ 9,500, ಆಯಿಲ್ ಪಂಪ್ ಸತ್ತೋಗಿತ್ತು ಅದಕ್ಕೆ 6,200. ಜೊತೆಗೆ ಏಳು ಮ್ಯಾಂಡ್ರಲ್ ಕೊಡ್ತೀನಿ ಅಂದಿದ್ದ ದಲ್ಲಾಳಿ, ಮನೆಗೆ ಬಂದು ವಿ ಬ್ಲಾಕ್ ಮೇಲಿಟ್ಟು ಡಯಲ್ ಹಚ್ಚಿ ನೋಡಿದ್ರೆ ಮೂರು ಬೆಂಡು, ಒಂದರಲ್ಲಿ ಸ್ಟೋನ್ ಉಬ್ಬಿಸೋ ವೆಡ್ಜೇ ಇಲ್ಲ. ಆ ಮನುಷ್ಯ ಆಮೇಲೆ ಫೋನೇ ಎತ್ತಲಿಲ್ಲ, ಇವತ್ತಿಗೂ ಆ ಹೊಟ್ಟೆಉರಿ ಹೋಗಿಲ್ಲ.

ಮೊದಲನೇ ಕೆಲಸ ಇಎನ್31 ಸ್ಟೀಲ್ ಗೈಡ್ ಬುಷ್, ಹಾರ್ಡ್ ಮಾಡಿದ್ದು 60 ಎಚ್‌ಆರ್‌ಸಿ, ಬೋರ್ 10. ಏನು ಮಾಡಿದ್ರೂ ಒಂದು ಕಡೆ 6 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದ್ರೆ ಒಂದು ಎಂಎಂ) ಟೇಪರ್. ಸ್ಟೋನ್ ಬದಲಾಯಿಸ್ದೆ, ಸ್ಪೀಡ್ ಇಳಿಸ್ದೆ, ಪೀಸ್ ತಿರುಗಿಸಿ ತಿರುಗಿಸಿ ಹಾಕ್ದೆ, 31 ಬುಷ್ ಸ್ಕ್ರ್ಯಾಪ್ ಆಯ್ತು, ಒಂದೊಂದಕ್ಕೂ ಹೀಟ್ ಟ್ರೀಟ್‌ಮೆಂಟು ಗ್ರೈಂಡಿಂಗು ಎಲ್ಲಾ ಆಗಿರೋ ಮಾಲು ಅದು. ಕೊನೆಗೆ ಗೊತ್ತಾಯ್ತು ಏನಂದ್ರೆ ಮ್ಯಾಂಡ್ರಲ್ ಶೂ (ಸ್ಟೋನಿನ ಎದುರು ಬೋರಿಗೆ ಆನೋ ಭಾಗ) ಸವೆದು ತುದೀಲಿ ಕಮ್ಮಿ ಬುಡದಲ್ಲಿ ಜಾಸ್ತಿ ಇತ್ತು. ಹೊಸ ಸ್ಟೋನ್ ಹಾಕಿದಾಗೆಲ್ಲಾ ಟ್ರೂಯಿಂಗ್ ಸ್ಲೀವಲ್ಲಿ ಸ್ಟೋನೂ ಶೂನೂ ಒಂದೇ ಗೆರೆಗೆ ತರಬೇಕು, ಅದನ್ನ ಮಾಡ್ದೇ ಇದ್ರೆ ದೇವರೇ ಬಂದ್ರೂ ಬೋರ್ ನೇರ ಬರಲ್ಲ. ಅವತ್ತಿಂದ ಒಂದು ಪೀಸ್ ವಾಪಸ್ ಬಂದಿಲ್ಲ ನಂದು.

ಉದ್ಯಮಬಾಗ ಟರ್ನರ್, ಬೆಳಗಾವಿ
ನಾ ಒಂದ್ ಮಾತ ಹೇಳ್ತೀನ್ರಿ. ಮೂರ್ ನಾಕ್ ಲಕ್ಷ ಹಾಕೂ ಜರೂರತ್ತೇ ಇಲ್ಲ. ನಾ ಹದಿನೇಳ ವರ್ಷದಿಂದ ಲ್ಯಾಪ್ ಕೈಲೇ ಮಾಡ್ಕೊಂಡ ದುಡೀಲಿಕ್ಕತ್ತೀನಿ. ಹಿತ್ತಾಳಿ ರಾಡ್ ತಗೊಂಡ ಒಳಗ 1:50 (50 ಎಂಎಂ ಉದ್ದಕ್ಕ ಒಂದ್ ಎಂಎಂ ದಪ್ಪ) ಟೇಪರ್ ಪಿನ್ ರೀಮರ್ ಹೊಡಿಯೂದು, ಹೊರಗ ಬೋರಿಗಿಂತ ಚೂರ ಕಡಿಮಿ ಟರ್ನ್ ಮಾಡೂದು, ಉದ್ದಕ್ಕ ಒಂದ್ ಸೀಳ ಹಾಕೂದು, ಆದ್ರ ತುದಿ ಸೀಳಬಾರ್ದು. ಒಳಗ ಅದೇ ಟೇಪರ್‌ದ ಆರ್ಬರ್ ಕಡ್ಡಿ, ಹಿಂದ ಎಂ6 ನಟ್. ಎಂ6 ಪಿಚ್ ಒಂದ ಎಂಎಂ ಅಲ್ರೀ, ಅಂದ್ರ ನಟ್ ಒಂದ್ ಸುತ್ತ ತಿರುಗಿದ್ರ ಲ್ಯಾಪ್ 20 ಮೈಕ್ರಾನ್ ಉಬ್ಬತೈತಿ, ಕಾಲ್ ಸುತ್ತಿಗೆ 5 ಮೈಕ್ರಾನ್. ನಟ್ ಮ್ಯಾಲ ಫೈಲ್‌ಲೇ ನಾಕ್ ಗೆರಿ ಹಾಕೀನಿ, ಹುಡುಗೂರಿಗೆ ಗೆರಿ ತೋರಿಸಿ ಹೇಳಿದ್ರ ಸಾಕು.

ಪೆಟ್ಟ ತಿಂದಿಲ್ಲಂತಲ್ಲ, ತಿಂದೀನಿ. ಗನ್‌ಮೆಟಲ್ ಬುಷ್ 60 ಪೀಸ್ ಬಂದಿದ್ವು, ಅವಕ್ಕೂ ಅದೇ ಸಿಲಿಕಾನ್ ಕಾರ್ಬೈಡ್ ಪೇಸ್ಟ್ ಹಚ್ಚಿ ಲ್ಯಾಪ್ ಮಾಡಿ ಕೊಟ್ಟೆ. ಬೋರ್ ಕನ್ನಡಿ ಹಂಗ ಬಂದಿತ್ತು, ಪಾರ್ಟಿ ಖುಷ್. ತಿಂಗಳ ಬಿಟ್ಟ ಅವರ ಶಾಫ್ಟ್ ಎಲ್ಲಾ ಅರದಂಗ ಆಗಿ ಬಂದ್ವು. ಬುಷ್ ಮೆತ್ತಗಿತ್ತಲ್ರೀ, ಕಣ ಎಲ್ಲಾ ಬುಷ್ಷಿನಾಗ ಹೂತ ಕೂತಿತ್ತು, ಶಾಫ್ಟ್ ತಿರುಗಿದಂಗೆಲ್ಲಾ ಬುಷ್ಷೇ ಶಾಫ್ಟಿಗೆ ಲ್ಯಾಪ್ ಆಗಿ ಕೂತಿತ್ತು. ಶಾಫ್ಟ್ ರೊಕ್ಕಾನೂ ನಾನ ಕೊಟ್ಟೆ, 38,400. ಲ್ಯಾಪ್ ಯಾವಾಗ್ಲೂ ಕೆಲಸದ ಮಾಲಿಗಿಂತ ಮೆತ್ತಗಿರಬೇಕು, ಇದನ್ನ ಕಲೀಲಿಕ್ಕ ನಂಗ ಅಷ್ಟ ರೊಕ್ಕ ಹೋತು.

ಹೋನಿಂಗ್ 22 ವರ್ಷ
ಸಾರ್, ಲ್ಯಾಪಿಂಗ್ ಬೇರೆ ಹೋನಿಂಗ್ ಬೇರೆ, ಎರಡನ್ನೂ ಕಲಸಬೇಡಿ. ಪೇಸ್ಟ್ ಬಾಯಲ್ಲಿ ಜಾಸ್ತಿ ಕೂರತ್ತೆ, ಬಾಯಿ ದೊಡ್ಡದಾಗತ್ತೆ, ಬೆಲ್‌ಮೌತ್ ಗ್ಯಾರಂಟಿ. 300 ಪೀಸ್ ಕೈಯಲ್ಲಿ ಉಜ್ಜೋಕೆ ಯಾವ ಹುಡುಗ ಬರ್ತಾನೆ ಈ ಕಾಲದಲ್ಲಿ?

ಉದ್ಯಮಬಾಗ ಟರ್ನರ್, ಬೆಳಗಾವಿ
ಬೆಲ್‌ಮೌತ್ ಕೈ ಗೊತ್ತಿಲ್ಲದವ್ರಿಗೆ ಬರತೈತ್ರಿ. ಸ್ಟ್ರೋಕ್ ಉದ್ದ ಮಾಡಿದ್ರ ನಿಮ್ಮ ಮಷೀನಿನ್ಯಾಗೂ ಬಾಯಿ ತೆರೀತೈತಿ, ಗಿಡ್ಡ ಮಾಡಿದ್ರ ನಡುವ ಹೊಟ್ಟಿ ಬರತೈತಿ. ನನ್ನ ಹುಡುಗೂರು ಮೂವರ್ ಅದಾರ, ಒಬ್ಬಾವ ದಿನಾ 25 ಪೀಸ್ ತೆಗೀತಾನ. ಬಂದ್ ನೋಡ್ರಿ ಬೇಕಾದ್ರ.

ಬೈಕಂಪಾಡಿ
ನೀವು ಯಾಕೆ ಅಷ್ಟು ತಲೆ ಬಿಸಿ ಮಾಡಿಕೊಳ್ಳೋದು ಮಾರಾಯ್ರೆ. ಬಾಲ್ ಹೋನ್ ಉಂಟಲ್ಲ, ನೈಲಾನ್ ಕಡ್ಡಿ ತುದಿಗೆ ಕಲ್ಲಿನ ಗುಂಡು ಗುಂಡು, ಗೊಂಚಲಿನ ಹಾಗೆ, ಅದನ್ನೇ ಡ್ರಿಲ್ಲಿಗೆ ಹಾಕಿ. ನಮ್ಮದು ಬೋಟಿನ ಹೈಡ್ರಾಲಿಕ್ ರಿಪೇರಿ, ಸ್ಟೀರಿಂಗ್ ಸಿಲಿಂಡರ್, ವಿಂಚ್ ವಾಲ್ವ್ ಎಲ್ಲ ಇದರಲ್ಲೇ ಮಾಡುವುದು. ಉಪ್ಪು ನೀರಿನ ಕೆಲಸ ಅಲ್ವಾ, ಬೋರಿನ ಒಳಗೆ ಚುಕ್ಕೆ ಚುಕ್ಕೆ ತುಕ್ಕು, ಎರಡು ಪಾಸಿಗೆ ಹೋಗ್ತದೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಿರುಗ್ತಾ ಇರಬೇಕು, ಒಳಗೆ ನಿಲ್ಲಿಸಿದರೆ ಗೆರೆ ಬೀಳ್ತದೆ, ಅಷ್ಟೇ ಜಾಗ್ರತೆ. ನಾನು ಒಂದು ಸಲ ಒಣಗಿದ್ದನ್ನೇ ಹಾಕಿಸಿ 2,300 ರೂಪಾಯಿದು ಒಂದೇ ದಿನದಲ್ಲಿ ಗುಂಡೆಲ್ಲ ಉದುರಿಸಿಕೊಂಡೆ, ಅದು ನನ್ನದೇ ತಪ್ಪು.

ಹೋನಿಂಗ್ 22 ವರ್ಷ
ಅಯ್ಯೋ ದಯವಿಟ್ಟು ಹೊಸಬ್ರಿಗೆ ಇಂಥದ್ದೆಲ್ಲಾ ಹೇಳ್ಬೇಡಿ. ಬಾಲ್ ಹೋನ್ ಬೋರ್ ಹೆಂಗಿದ್ಯೋ ಹಂಗೇ ಹಿಂಬಾಲಿಸತ್ತೆ. ಬೋರ್ ಮೊಟ್ಟೆ ಆಕಾರ ಇದ್ರೆ ಮೊಟ್ಟೆನೇ ಪಾಲಿಶ್ ಆಗತ್ತೆ. ಶೇಪ್ ಸರಿ ಮಾಡೋ ಟೂಲ್ ಅಲ್ಲ ಅದು.

ಬೈಕಂಪಾಡಿ
ಶೇಪ್ ಸರಿ ಮಾಡ್ತದೆ ಅಂತ ನಾನು ಎಲ್ಲಿ ಹೇಳಿದೆ? ಓದಿ ಮಾತಾಡಿ. ಅವರ ಬಾಡಿಯಲ್ಲಿ ಕ್ರಾಸ್ ಹೋಲ್ ಉಂಟು, ಅದರ ಬಾಯಿಯ ಬರ್ (ಅಂಚಿನಲ್ಲಿ ಉಳಿದ ಲೋಹದ ಮುಳ್ಳು) ತೆಗೆಯುವುದಕ್ಕೆ ನಿಮ್ಮ ಮೂರೂವರೆ ಲಕ್ಷದ ಮಷೀನಿಗಿಂತ ಇದೇ ಒಳ್ಳೆಯದು. ಸ್ಪೂಲ್ ಹಿಡಿಯುವುದು ಬರ್ರಿಗೂ ಇರಬಹುದು, ಅದನ್ನು ಯಾರೂ ಕೇಳಲಿಲ್ಲ.

ಹೆಬ್ಬಾಳ ಸಿಎನ್‌ಸಿ, ಮೈಸೂರು
ನಾನು ಡೈಮಂಡ್ ತಗೊಂಡವನು, ಹಂಗಾಗಿ ಪೂರ್ತಿ ಹೇಳ್ತೀನಿ. ಒಂದೇ ಪಾಸಲ್ಲಿ ಮುಗಿಯೋ ಟೂಲು, ಟೇಪರ್ ಆರ್ಬರ್ ಮೇಲೆ ಡೈಮಂಡ್ ಪ್ಲೇಟ್ ಆಗಿರೋ ಸ್ಲೀವು, ಸವೆದಷ್ಟು ಮಾತ್ರ ನಟ್ ತಿರುಗಿಸಿ ಉಬ್ಬಿಸ್ಬೇಕು. ಒಂದ್ ಟೂಲು 10–15 ಮೈಕ್ರಾನ್ ತೆಗೆಯತ್ತೆ, ಅದಕ್ಕೇ ಮೂರು ಸೈಜ್ ಸಾಲಾಗಿ ಬೇಕು. ಮೂರಕ್ಕೆ 87 ಸಾವಿರ, ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಕೈಗೆ ಬರೋಷ್ಟರಲ್ಲಿ 1,02,660. ಮನೆಯವ್ಳ ಬಳೆ ಇಟ್ಟು ತಗೊಂಡಿದ್ದು ನಾನು.

ಸಪ್ಲೈಯರ್ ಹುಡುಗ ವಿಎಂಸಿಲಿ ಕೋಲೆಟ್‌ಗೆ ಹಾಕಿ ನೇರ ಹೊಡೀಬಹುದು ಅಂದ. ಹೊಡ್ದೆ. ನಾಲ್ಕನೇ ಪೀಸಿಗೆ ಟೂಲ್ ಕಿರುಚ್ತು, ತೆಗೆದು ನೋಡಿದ್ರೆ ಸ್ಲೀವಿನ ಒಂದು ಮಗ್ಗುಲಲ್ಲಿ ಡೈಮಂಡ್ ಎದ್ದೋಗಿ ನಿಕಲ್ ಹೊಳೀತಿದೆ, ಬೆರಳಾಡ್ಸಿದ್ರೆ ಆ ಜಾಗ ನುಣುಪು, ಪಕ್ಕದಲ್ಲಿ ಒರಟು. 30 ಸಾವಿರ ಕಣ್ಣೆದ್ರೇ ಹೋಯ್ತು. ಟೂಲಾದ್ರೂ ತೇಲಬೇಕು ಪೀಸಾದ್ರೂ ತೇಲಬೇಕು, ಅಂದ್ರೆ ಬೋರ್ ಇರೋ ಕಡೆ ತಾನೇ ಸ್ವಲ್ಪ ಅಲ್ಲಾಡ್ಬೇಕು, ಎರಡನ್ನೂ ಬಿಗಿ ಹಿಡಿದ್ರೆ ಹಿಂಗೇ ಆಗೋದು, ಆ ಒಂದು ಮಾತು ಅವನು ಹೇಳಿರ್ಲಿಲ್ಲ. ಆಮೇಲೆ ಫ್ಲೋಟಿಂಗ್ ಫಿಕ್ಸ್ಚರ್ ನಾನೇ ಮಾಡ್ಕೊಂಡೆ. ಈಗ ಕಾಸ್ಟ್ ಐರನ್ ಬಾಡಿ ಒಂದಕ್ಕೆ 40 ಸೆಕೆಂಡು, ಪೀಸಿಂದ ಪೀಸಿಗೆ 2 ಮೈಕ್ರಾನೂ ಆಚೀಚೆ ಹೋಗಲ್ಲ. ಬಳೆನೂ ಬಿಡಿಸ್ಕೊಂಡಾಯ್ತು. ಮೆತ್ತಗಿರೋ ಸ್ಟೀಲಿಗೆ ಮಾತ್ರ ಹಾಕ್ಬೇಡಿ, ಚಿಪ್ ತುಂಬ್ಕೊಂಡು ಉಸಿರು ಕಟ್ಟತ್ತೆ.

ಉದ್ಯಮಬಾಗ ಟರ್ನರ್, ಬೆಳಗಾವಿ
ಫ್ಲೋಟಿಂಗ್ ಬೇಕಂತ ಗೊತ್ತಿಲ್ದ ಲಕ್ಷ ರೂಪಾಯಿ ಟೂಲ್ ತಗೊಂಡ್ರೇನ್ರಿ? ಲ್ಯಾಪ್ ಹಿಡದವಂಗ ಇದು ಮೊದಲ್ನೇ ದಿನಾನ ಗೊತ್ತಾಗತೈತಿ, ಕೈನ ತೇಲತೈತಲ್ಲ.

ಹೆಬ್ಬಾಳ ಸಿಎನ್‌ಸಿ, ಮೈಸೂರು
ನೀವು ಗನ್‌ಮೆಟಲ್‌ಗೆ ಕಾರ್ಬೈಡ್ ಪೇಸ್ಟ್ ಹಚ್ಚಿದ್ದನ್ನ ನಾನು ಏನಾದ್ರೂ ಅಂದ್ನಾ ಸಾರ್? ಕಳ್ಕೊಂಡಿದ್ದನ್ನ ಮುಚ್ಚಿಡ್ದೇ ಬರೆದಿದೀನಿ, ಅದನ್ನೇ ಹಿಡ್ಕೊಂಡು ಚುಚ್ಚೋದು ಬೇಡ.

ಬಿಡದಿ ಟೂಲ್ ರೂಮ್
ಆಯಿಲ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ? ಸ್ಟೋನ್ ಮ್ಯಾಂಡ್ರಲ್ ಹಾಕೋದಾದ್ರೆ ಸೀಮೆಎಣ್ಣೆ ಸಾಕು, ಹೋನಿಂಗ್ ಆಯಿಲ್ ಅಂತ 20 ಲೀಟರ್ ಕ್ಯಾನ್‌ಗೆ ಸಾವಿರಾರು ರೂಪಾಯಿ ಸುರೀಬೇಡಿ. ನಾವು ಕಾಸ್ಟ್ ಐರನ್‌ಗೆ ಬರೀ ಸೀಮೆಎಣ್ಣೆಲೇ ಮಾಡಿದೀವಿ.

ಹೋನಿಂಗ್ 22 ವರ್ಷ
ನಮ್ಮ ಪಕ್ಕದ ಶೆಡ್‌ನವ್ರೂ ಹಿಂಗೇ ಅಂತಿದ್ರು. 2017ರಲ್ಲಿ ಬೆಂಚ್ ಗ್ರೈಂಡರ್ ಕಿಡಿ ಹಾರಿ ಸೀಮೆಎಣ್ಣೆ ಟ್ರೇಗೆ ಬಿತ್ತು, ನಾನೇ ಗೋಣಿಚೀಲ ಹೊದ್ದಿಸಿ ಆರಿಸಿದ್ದು, ಬಲಗೈ ಮಣಿಕಟ್ಟಲ್ಲಿ ಕಲೆ ಇನ್ನೂ ಇದೆ. ದಿನಾ ಎಂಟು ಗಂಟೆ ಅದರಲ್ಲಿ ಕೈ ಅದ್ದೋ ಹುಡುಗನ ಚರ್ಮ ನೋಡಿದೀರಾ, ಬಿರುಕು ಬಿಟ್ಟು ರಕ್ತ ಬರತ್ತೆ. ಸ್ಟೀಲಿಗೆ ಅಂತೂ ಸೀಮೆಎಣ್ಣೆ ಹಾಕಿದ್ರೆ ಸ್ಟೋನ್ ಮೇಲೆ ಲೋಹ ಅಂಟ್ಕೊಂಡು ಬೋರಲ್ಲಿ ಗೀರು ಬೀಳತ್ತೆ.

ಬಿಡದಿ ಟೂಲ್ ರೂಮ್
ನಾನು ಕಾಸ್ಟ್ ಐರನ್ ಅಂತ ಸ್ಪಷ್ಟವಾಗಿ ಬರೆದಿದೀನಿ. ಪ್ರತಿಯೊಬ್ರಿಗೂ ತಪ್ಪು ತೋರಿಸ್ತಾ ಕೂತ್ರೆ ಬೇರೆಯವ್ರು ಯಾಕೆ ಬರೀಬೇಕು?

ಕ್ಯೂಸಿ ಟೇಬಲ್
ಎಲ್ರೂ ಟೂಲ್ ಬಗ್ಗೆನೇ ಹೇಳ್ತಿದೀರ. ನಾನು ಹನ್ನೊಂದು ವರ್ಷ ಇನ್‌ಸ್ಪೆಕ್ಷನ್‌ನಲ್ಲಿ ಕೂತವಳು, ನಂದೂ ಒಂದು ಕೇಳಿ. ಹಿಂದಿನ ಕಂಪನಿಲಿ 140 ಬಾಡಿ ಒಟ್ಟಿಗೇ ವಾಪಸ್ ಬಂದ್ವು, ಎಲ್ಲಾ ಸಣ್ಣ. ಆಪರೇಟರ್ ಮೇಲೆ ಎಗರಾಡಿದ್ರು, ಆ ಹುಡುಗ ಅಳ್ತಾ ಮನೆಗೆ ಹೋದ. ಆಮೇಲೆ ನೋಡಿದ್ರೆ ಹೋನ್ ಆದ ತಕ್ಷಣ ಬಿಸಿಬಿಸಿ ಪೀಸ್‌ನೇ ಬೋರ್ ಗೇಜ್‌ಗೆ ಹಾಕಿ ಓಕೆ ಮಾಡ್ತಿದ್ರು, ಅದೂ ಕೆಳಗಿನ ಲಿಮಿಟ್‌ನ ಅಂಚಿಗೆ. ಪೀಸು 20 ಡಿಗ್ರಿ ಜಾಸ್ತಿ ಬಿಸಿ ಇದ್ರೆ 8 ಎಂಎಂ ಬೋರು ಹತ್ತಿರ ಹತ್ತಿರ 2 ಮೈಕ್ರಾನ್ ದೊಡ್ಡದು ತೋರಿಸತ್ತೆ. ಎಚ್6ಗೆ ನಿಮಗಿರೋದೇ ಒಟ್ಟು 9 ಮೈಕ್ರಾನ್. ನಾನು ಈ ಲೆಕ್ಕ ಬರೆದು ಕೊಟ್ಟಾಗ ಮೇಲಿನವ್ರು ಹುಡುಗೀರಿಗೆ ಮಷೀನ್ ಏನು ಗೊತ್ತು ಅಂದ್ರು. ಪೀಸ್‌ನೂ ಬೋರ್ ಗೇಜ್ ಸೆಟ್ ಮಾಡೋ ರಿಂಗ್ ಗೇಜ್‌ನೂ ಒಂದು ರಾತ್ರಿ ಒಂದೇ ಗ್ರಾನೈಟ್ ಟೇಬಲ್ ಮೇಲಿಟ್ಟು ಬೆಳಿಗ್ಗೆ ಎಲ್ರ ಮುಂದೆ ಅಳೆದು ತೋರಿಸ್ದೆ, ಆಮೇಲೆ ಯಾರೂ ಮಾತಾಡ್ಲಿಲ್ಲ.

ಹೋನಿಂಗ್ 22 ವರ್ಷ
ಮೇಡಂ, ಇದನ್ನ ಮಾತ್ರ ಒಪ್ಕೋತೀನಿ. ನಾವು ಕೈಯಲ್ಲಿ ಹಿಡ್ಕೊಂಡೇ ಮಾಡೋದು, ಕೈ ಬಿಸಿನೂ ಹತ್ತತ್ತೆ. ಆಯಿಲ್ ಬಕೆಟಲ್ಲಿ ಅದ್ದಿಟ್ಟು ಹತ್ತು ನಿಮಿಷ ಬಿಟ್ಟು ಅಳೀತೀವಿ.

ಎರಡು ಲೇತು ಒಂದು ವಿಎಂಸಿ, ಪೀಣ್ಯ
ಎಲ್ರಿಗೂ ಥ್ಯಾಂಕ್ಸ್. ಆದ್ರೆ ನನ್ನ ಪೀಸ್ ಬಗ್ಗೆ ಇನ್ನೂ ಗೊಂದಲ ಇದೆ. ಮೇಡಂ ಹೇಳಿದ್ಮೇಲೆ ವಾಪಸ್ ಬಂದ 19ನ್ನೂ ರಾತ್ರಿ ಇಟ್ಟು, ಪಕ್ಕದವ್ರ ಹತ್ರ ಬೋರ್ ಗೇಜ್ ಈಸ್ಕೊಂಡು ಬೆಳಿಗ್ಗೆ ಅಳೆದೆ. ಹೆಚ್ಚು ಕಮ್ಮಿ ಎಲ್ಲಾ ಒಂದೇ ಥರ: ಬಾಯಲ್ಲಿ 8.012, ಮಧ್ಯ 8.001, ಕೆಳಗೆ 8.009. ಕ್ರಾಸ್ ಹೋಲ್ ಅಂಚಲ್ಲಿ ಉಗುರಿಗೆ ಬರ್ ಸಿಗತ್ತೆ. ಇವನ್ನ ಹೋನ್ ಮಾಡಿ ಉಳಿಸ್ಕೋಬಹುದಾ?

ಕ್ಯೂಸಿ ಟೇಬಲ್
ಆಗಲ್ಲ ಅಣ್ಣ. ಬಾಯಿ ಆಗ್ಲೇ 8.009 ದಾಟಿದೆ, ಇನ್ನು ಯಾವ ಟೂಲ್ ಹಾಕಿದ್ರೂ ಲೋಹ ತೆಗೆಯತ್ತೆ ಅಷ್ಟೇ, ವಾಪಸ್ ಹಾಕಲ್ಲ. ಪಾರ್ಟಿ ದೊಡ್ಡ ಸೈಜಿನ ಸ್ಪೂಲ್ ಕೊಡೋಕೆ ಒಪ್ಪಿದ್ರೆ ಮಾತ್ರ ಬೇರೆ ಮಾತು, ಒಂದ್ಸಲ ಕೇಳಿ ನೋಡಿ.

ಬೈಕಂಪಾಡಿ
ಬರ್ ಉಂಟು ಅಂತ ನಾನು ಮೊದಲೇ ಹೇಳಿದ್ದು.

ಹೋನಿಂಗ್ 22 ವರ್ಷ
ತಮ್ಮಾ, ರೀಮರ್ ಸೈಜಿಗೆ ಹೊಡೀತಿದೀಯಲ್ಲ ಅದೇ ತಪ್ಪು. 7.97 ಕಾರ್ಬೈಡ್ ರೀಮರ್ ತಗೋ, ಹೋನ್‌ಗೆ ಮೂವತ್ತು ಮೈಕ್ರಾನ್ ಬಿಡು. ಮೊದಲು ಬರ್ ತೆಗ್ಸು, ಆಮೇಲೆ ಕ್ರಾಸ್ ಹೋಲ್ ದಾಟೋವಷ್ಟು ಉದ್ದ ಇರೋ ಸ್ಟೋನ್ ಹಾಕು, ಗಿಡ್ಡ ಇದ್ರೆ ತೂತಿನ ಅಂಚಲ್ಲಿ ಬಿದ್ದು ಅಲ್ಲೇ ಕೊರೆಯತ್ತೆ. ಶನಿವಾರ ಹತ್ತು ಪೀಸ್ ತಗೊಂಡು ಬಾ, ನನ್ನ ಮಷೀನಲ್ಲಿ ಹೊಡ್ದು ಕೊಡ್ತೀನಿ, ದುಡ್ಡು ಬೇಡ.

ಉದ್ಯಮಬಾಗ ಟರ್ನರ್, ಬೆಳಗಾವಿ
ಹತ್ತರಾಗ ಐದ ನಂಗ ಕೊರಿಯರ್ ಮಾಡ್ರಿ. ಲ್ಯಾಪ್ ಮಾಡಿ ಕಳಸ್ತೀನಿ, ನಂದೂ ರೊಕ್ಕ ಬ್ಯಾಡ. ಎರಡೂ ಆ ಅಕ್ಕಾರ ಟೇಬಲ್ ಮ್ಯಾಲ ಇಟ್ಟ ಅಳೀಲಿ.